ಭದ್ರಾವತಿಗೆ ಬೀಗದ ಕೈ ಒಯ್ದ ದಿನಗಳು

ದುರ್ಗಿಗುಡಿಯ ಬ್ರೌಸಿಂಗ್ ಸೆಂಟರೊಂದರಲ್ಲಿ ಕೂತು ಆ ಲೇಖನ ಓದಿದ ದಿನ ನಾನು ಬಸ್ಸು ತಪ್ಪಿಸಿಕೊಂಡೆ, ತರಕಾರಿ ಚೀಲ ಅಲ್ಲೇ ಮರೆತೆ, ಮನೆಗೆ ಬಂದು ಹಾಲು ಉಕ್ಕಿಸಿದೆ. ನನ್ನ ಗಂಡ ಅಡುಗೆಮನೆ ಬಾಗಿಲಲ್ಲಿ ನಿಂತು, "ಏನಾಯ್ತೇ ನಿಂಗೆ? ಲಾಟರಿ ಹೊಡೀತಾ?" ಅಂದರು.

"ಲಾಟರಿ ಯಾವ ಮಹಾ! ಪ್ರಪಂಚದಲ್ಲಿರೋ ಬೀಗ ಎಲ್ಲಾ ಒಂದಿನ ಬಿಚ್ಕೊಳ್ತಾವಂತೆ ಕಣ್ರೀ!"

ಅವರು ಬಂದು ಸ್ಟವ್ ಆರಿಸಿದರು. "ಬಿಚ್ಕೊಳ್ಲಿ. ಈಗ ಕಾಫಿಗೆ ಹಾಲಿಲ್ಲ."

ಎರಡು ಸಾವಿರದ ಮೂರೋ ನಾಲ್ಕೋ ಇಸವಿ ಇರಬೇಕು. ನಾನು ಶಿವಮೊಗ್ಗದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಅಂದರೆ ಹಿಗ್ಗಬೇಡಿ. ನಾನು, ಎರಡು ಕಂಪ್ಯೂಟರು, ಊರಿಗೆಲ್ಲ ಕೇಳುವ ಹಾಗೆ ಕಿರುಚುವ ಒಂದು ಪ್ರಿಂಟರು, ಫೋನಿನ ತಂತಿಗೆ ಸಿಕ್ಕಿಸಿದ ಒಂದು ಮೋಡೆಮ್ಮು. ಅಷ್ಟೇ. ಆದರೆ ನನಗೆ ಅದೇ ವಿಧಾನಸೌಧ.

ಆ ಲೇಖನದಲ್ಲಿ ಇದ್ದದ್ದನ್ನು ನಾನು ಆಮೇಲೆ ಎಷ್ಟು ಜನಕ್ಕೆ ಹೇಳಿದೆನೆಂದರೆ ಈಗಲೂ ನಿದ್ದೆಗಣ್ಣಲ್ಲಿ ಒಪ್ಪಿಸಬಲ್ಲೆ. ಕಂಪ್ಯೂಟರುಗಳು ದೂರದಿಂದ ಒಂದಕ್ಕೊಂದು ಗುಟ್ಟು ಹೇಳಬೇಕಾದರೆ ಆ ಗುಟ್ಟನ್ನು ಗಣಿತದಲ್ಲಿ ಕಲಸಿ, ತಲೆಬುಡ ತಿಳಿಯದ ಅಕ್ಷರಗಳ ರಾಶಿ ಮಾಡಿ ಕಳಿಸುತ್ತವೆ. ಅದನ್ನು ಬಿಡಿಸಲು ಒಂದು ದೊಡ್ಡ ಸಂಖ್ಯೆ ಬೇಕು. ಆ ಸಂಖ್ಯೆಯೇ ಬೀಗದ ಕೈ. ಬಹಳ ಕಾಲದಿಂದ ಎಲ್ಲರೂ ನಂಬಿದ್ದ ಒಂದು ಹಳೇ ಬೀಗವನ್ನು, ಇರುವ ಕೈಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ ತೆಗೆಯುವ ಯಂತ್ರವನ್ನು ವಿದೇಶದಲ್ಲಿ ಆಗಲೇ ಕಟ್ಟಿಬಿಟ್ಟಿದ್ದರು. ನಮ್ಮ ಆಸ್ಪತ್ರೆಯಲ್ಲಿದ್ದದ್ದು ಅದೇ ಜಾತಿಯ ಬೀಗ! ಇನ್ನು, ಎರಡು ಕಂಪ್ಯೂಟರು ತಂತಿಯ ಮೇಲೇ ಮಾತಾಡಿಕೊಂಡು ಬೀಗದ ಕೈ ಗೊತ್ತುಮಾಡಿಕೊಳ್ಳುವ ಇನ್ನೊಂದು ಚೆಂದದ ವಿಧಾನ ಇತ್ತು. ಎರಡು ದೊಡ್ಡ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಿಸಿ ಬಂದದ್ದನ್ನು ಮತ್ತೆ ಒಡೆಯುವುದು ಕಷ್ಟ ಎಂಬ ನಂಬಿಕೆಯ ಮೇಲೆ ಅದು ನಿಂತಿತ್ತು. ಅದಕ್ಕೂ ಕುತ್ತು ಕಾದಿತ್ತು. ಕ್ವಾಂಟಮ್ ಕಂಪ್ಯೂಟರ್ ಎಂಬ ಯಂತ್ರ ಬಂದರೆ ಆ ಒಡೆಯುವ ಕೆಲಸ ಸಲೀಸಾಗುತ್ತದಂತೆ. ಯಂತ್ರ ಇನ್ನೂ ಕೆಲಸಕ್ಕೆ ಬರುವ ಹಾಗೆ ಹುಟ್ಟಿರಲಿಲ್ಲ. ಆದರೆ ಹುಟ್ಟಿದ ಮೇಲೆ ಅದು ಏನು ಮಾಡಬೇಕು ಅನ್ನುವ ಲೆಕ್ಕವನ್ನು ಒಬ್ಬ ಪುಣ್ಯಾತ್ಮ ಮುಂಚೆಯೇ ಬರೆದಿಟ್ಟಿದ್ದ. ನನಗೆ ಮೈಯೆಲ್ಲ ಜುಮ್ಮೆಂದಿತು.

ಭಯವಾದದ್ದು ಇನ್ನೊಂದು ಮಾತಿಗೆ. ಕಳ್ಳ ಆ ಯಂತ್ರ ಬರುವ ತನಕ ಕಾಯಬೇಕಾಗಿಲ್ಲ. ತಂತಿಯ ಮೇಲೆ ಹೋಗುವ ರಾಶಿಯನ್ನು ಇವತ್ತೇ ನಕಲು ಮಾಡಿಟ್ಟುಕೊಂಡು, ಯಂತ್ರ ಬಂದ ದಿನ ತೆಗೆದು ಓದಿದರಾಯಿತು.

ನಮ್ಮ ತಂತಿಯ ಮೇಲೆ ಏನು ಹೋಗುತ್ತಿತ್ತು ಎಂದು ಹೇಳಿಬಿಡುತ್ತೇನೆ. ಭದ್ರಾವತಿಯ ನ್ಯೂಟೌನಿನಲ್ಲಿ ನಮ್ಮದೊಂದು ಸಣ್ಣ ಕ್ಲಿನಿಕ್ ಇತ್ತು. ಅಲ್ಲಿ ಎಚ್‌ಐವಿ ಪರೀಕ್ಷೆಗೆ ರಕ್ತ ತೆಗೆದು ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಕಳಿಸುತ್ತಿದ್ದರು. ನಮ್ಮ ಲ್ಯಾಬಿನ ಡಾಕ್ಟರು ಪರೀಕ್ಷೆ ಮಾಡಿ ವರದಿ ಟೈಪ್ ಮಾಡಿ ಕೊಟ್ಟರೆ, ಸಂಜೆಯೊಳಗೆ ನಾನು ಅದನ್ನು ಮೋಡೆಮ್ಮಿನಲ್ಲಿ ಭದ್ರಾವತಿಗೆ ತಳ್ಳುತ್ತಿದ್ದೆ. ವರದಿ ತೆರೆದು ಓದುವ ಪದ್ಧತಿ ನನಗೆ ಇರಲಿಲ್ಲ. ಆ ಕಾಲದಲ್ಲಿ ಆ ಕಾಯಿಲೆಯ ಹೆಸರು ಕೇಳಿದರೆ ಜನ ಕೂತ ಬೆಂಚು ತೊಳೆಯುತ್ತಿದ್ದರು. ಬಾಡಿಗೆ ಮನೆ ಖಾಲಿ ಮಾಡಿಸುತ್ತಿದ್ದರು.

ಮಾರನೇ ದಿನ ಬೆಳಿಗ್ಗೆ ಆಡಳಿತಾಧಿಕಾರಿಗಳ ಕೋಣೆಗೆ ನುಗ್ಗಿದೆ. ಕುಂಸಿ ಕಡೆಯ ದೊಡ್ಡ ಮನೆತನದವರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಫೀಸಿನಲ್ಲಿ ದುಡಿದು ನಿವೃತ್ತರಾಗಿ ನಮ್ಮ ಆಸ್ಪತ್ರೆಗೆ ಬಂದವರು. ಹಣೆಯ ಮೇಲೆ ಮೂರೆಳೆ ವಿಭೂತಿ, ಮೇಜಿನ ಮೇಲೆ ಸಾಲಾಗಿ ಇಟ್ಟ ಪೆನ್ನುಗಳು. ನಾನು ಉಸಿರು ಬಿಡದೆ ಎಲ್ಲಾ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಅದು ಅವರ ದೊಡ್ಡ ಗುಣ.

"ಈಗ ಆ ಯಂತ್ರ ಎಲ್ಲಿದೆ?"

"ಇಲ್ಲ ಸರ್ ಇನ್ನೂ."

"ಯಾವಾಗ ಬರುತ್ತೆ?"

"ಗೊತ್ತಿಲ್ಲ ಸರ್. ಹತ್ತು ವರ್ಷಾನೋ ಐವತ್ತು ವರ್ಷಾನೋ."

"ಅಲ್ಲ ಮಾರಾಯ್ತಿ, ತ್ಯಾವರೆಕೊಪ್ಪದ ಸಫಾರೀಲಿ ಬೇಲಿ ಹಾಕಿದಾರೆ. ಯಾಕೆ? ಒಳಗೆ ಹುಲಿ ಇದೆ. ನೀನು ಹುಲೀನೇ ಇಲ್ಲದೆ ಬೇಲಿ ಹಾಕ್ತೀನಿ ಅಂತೀಯಲ್ಲ! ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದ್ರೆ ಇದೇ."

"ಹಳೇ ಬೀಗ ಈಗಾಗಲೇ ಒಡೆದಾಗಿದೆ ಸರ್. ಅದು ಹುಲಿ ಮರಿ ಅಂತ ಇಟ್ಕೊಳಿ. ಅದರಪ್ಪ ದಾರೀಲಿದೆ."

ಅವರು ಗಟ್ಟಿಯಾಗಿ ನಕ್ಕರು. ನಕ್ಕು, ಮುಂದಿನ ಫೈಲು ಎಳೆದುಕೊಂಡರು. ನನಗೆ ಕೋಪ ಮೂಗಿನ ತುದಿಯಲ್ಲೇ. "ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ" ಎಂದು ಬಾಗಿಲಿಗೆ ಹೇಳುವವಳ ಹಾಗೆ ಹೇಳಿ ಹೊರಗೆ ಬಂದೆ. ಅವರಿಗೆ ಕೇಳಿಸಿತ್ತು, ಕೇಳಿಸಲೇಬೇಕೆಂದೇ ಹೇಳಿದ್ದು.

ಆ ವಾರ ಭದ್ರಾವತಿಯ ಕ್ಲಿನಿಕ್ಕಿಗೆ ಹೋಗುವುದಿತ್ತು. ಅಲ್ಲಿನ ಕಂಪ್ಯೂಟರಿನಲ್ಲಿ ಎಲ್ಲೆಲ್ಲಿ ಹಳೇ ಬೀಗ ಕೂತಿದೆ ಎಂದು ಹುಡುಕಬೇಕಾಗಿತ್ತು. ಬೀಗ ಬದಲಿಸುವ ಮುಂಚೆ ಮನೆಗೆ ಎಷ್ಟು ಬಾಗಿಲಿದೆ ಎಂದು ತಿಳಿಯಬೇಕಲ್ಲ. ಕ್ಲಿನಿಕ್ಕನ್ನು ನಡೆಸುತ್ತಿದ್ದದ್ದು ಒಬ್ಬರು ಸಿಸ್ಟರ್. ಮನೆಮಾತು ತಮಿಳು, ಅಪ್ಪ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ ಮಾಡಿದವರು. ಡಾಕ್ಟರು ಬರುವ ದಿನ ಬಿಟ್ಟರೆ ಉಳಿದಂತೆ ಅಲ್ಲಿ ಅವರದೇ ರಾಜ್ಯ. ಅವರ ಧ್ವನಿ ಕೇಳಿದರೆ ಜ್ವರವೇ ಅರ್ಧ ಇಳಿಯುತ್ತಿತ್ತು.

ನಾನು ಕೀಲಿಮಣೆ ಕುಟ್ಟುತ್ತಾ ಕೂತಿದ್ದಾಗ ಒಬ್ಬ ಹುಡುಗಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಸುಮ್ಮನೆ ನಿಂತಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಸಿಸ್ಟರ್ ಅವಳಿಗೆ, "ಇವ್ರೇಮ್ಮಾ, ನಮ್ಮ ರಿಪೋರ್ಟಿಗೆಲ್ಲಾ ಬೀಗ ಹಾಕೋ ಮೇಡಂ" ಎಂದು ನನ್ನನ್ನು ತೋರಿಸಿದರು. ಅವಳ ಗಂಡ ಲಾರಿ ಓಡಿಸುತ್ತಿದ್ದವನು, ಹಿಂದಿನ ವರ್ಷ ತೀರಿಕೊಂಡಿದ್ದ. ಅವಳಿಗೂ ಕಾಯಿಲೆ ಇರುವುದು ಪರೀಕ್ಷೆಯಲ್ಲಿ ತಿಳಿದಿತ್ತು. ಮಗುವಿಗೆ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಲು ಒಂದೂವರೆ ವರ್ಷ ತುಂಬಬೇಕು, ಅದು ದಸರೆಯ ಹೊತ್ತಿಗೆ ಆಗುತ್ತಿತ್ತು. ಓಲ್ಡ್ ಟೌನಿನಲ್ಲಿ ಅತ್ತೆಮನೆಯಲ್ಲೇ ಇದ್ದಳು, ಒಂದು ನರ್ಸರಿ ಶಾಲೆಯಲ್ಲಿ ಆಯಾ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗೊತ್ತಾದರೆ ಸೂರೂ ಇಲ್ಲ, ಕೆಲಸವೂ ಇಲ್ಲ, ನಾಳೆ ಮಗುವನ್ನು ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ.

"ಅಕ್ಕ, ನಂದೂ ಈ ಪೆಟ್ಟಿಗೇಲಿ ಇದೆಯಾ?"

"ಇದೆಯಮ್ಮ. ಬೀಗ ಹಾಕಿದೆ."

"ಆ ಬೀಗ ಎಷ್ಟು ವರ್ಷ ಬರುತ್ತೆ?"

ನಾನು ಕುಟ್ಟುವುದನ್ನು ನಿಲ್ಲಿಸಿದೆ. ಡಾಕ್ಟರುಗಳು ಇದು ಯಾಕೆ ಇಷ್ಟು ನಿಧಾನ ಎಂದು ಕೇಳಿದ್ದರು. ಆಡಳಿತಾಧಿಕಾರಿಗಳು ಯಂತ್ರ ಎಲ್ಲಿದೆ ಎಂದು ಕೇಳಿದ್ದರು. ಎಷ್ಟು ವರ್ಷ ಎಂದು ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಈಗಿರೋದು ಹತ್ತು ವರ್ಷ ಬಂದ್ರೆ ಹೆಚ್ಚು ಕಣಮ್ಮ" ಅಂದೆ.

ಅವಳು ಮಗುವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿಕೊಂಡಳು. "ಹತ್ತು ವರ್ಷಕ್ಕೆ ಇವಳಿನ್ನೂ ಮಿಡ್ಲ್ ಸ್ಕೂಲಲ್ಲಿ ಇರ್ತಾಳಲ್ಲ ಅಕ್ಕ. ನಾನು ಇರ್ತೀನೋ ಇಲ್ವೋ, ನಂದು ಬಿಡಿ. ಇವಳು ಬದುಕಿರೋ ತನಕ ಬರೋದು ಒಂದು ಹಾಕಿಕೊಡಿ."

ಬಳೆಗಾರನ ಹತ್ತಿರ ಬಳೆ ಕೇಳುವ ಹಾಗೆ ಕೇಳಿಬಿಟ್ಟಳು. ನನಗೆ ಒಂದು ಹುಚ್ಚು ಹುರುಪು ಏರಿತು. ಹಾಕಿಯೇ ಹಾಕುತ್ತೇನೆ, ಯಾರು ಅಡ್ಡ ಬರುತ್ತಾರೋ ನೋಡೇ ಬಿಡೋಣ ಅನ್ನಿಸಿತು.

ಶಿವಮೊಗ್ಗಕ್ಕೆ ಬಂದವಳೇ ನೇರವಾಗಿ ಆಡಳಿತಾಧಿಕಾರಿಗಳ ಕೋಣೆಗೆ ಹೋದೆ. ಯಾರು, ಯಾವ ಬೀದಿ ಏನೂ ಹೇಳದೆ ಆ ಪ್ರಶ್ನೆಯನ್ನಷ್ಟೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಮಗು ಎಷ್ಟು ದೊಡ್ಡದು?"

"ಈಗ ನಡೆಯೋಕೆ ಕಲೀತಿದೆ ಸರ್."

"ಹೊಲಿ ಮಾರಾಯ್ತಿ. ಕುಲಾವಿ ಹೊಲಿ" ಅಂದರು.

ಆದರೆ ಆಫೀಸಿನಲ್ಲಿ ಜೀವಮಾನ ಸವೆಸಿದವರು, ಷರತ್ತಿಲ್ಲದೆ ಒಪ್ಪುತ್ತಾರೆಯೇ? ನಮ್ಮ ಕಂಪ್ಯೂಟರುಗಳು ಎತ್ತಿನ ಗಾಡಿ. ಹೊಸ ಬೀಗ ಹಾಕಿ ತೆಗೆಯಲು ಹೊತ್ತು ಹಿಡಿಯುತ್ತಿತ್ತು. ಹಾಗಾಗಿ, ಕಾಯಿಲೆ ಇದೆ ಎಂದು ಬಂದ ವರದಿಗಳಿಗೆ ಮಾತ್ರ ಬೀಗ, ಇಲ್ಲ ಎಂದು ಬಂದವು ಹಾಗೇ ಹೋಗಲಿ ಎಂದರು. ಒಪ್ಪಿಗೆ ಸಿಕ್ಕಿದ್ದೇ ದೊಡ್ಡದು ಎಂದುಕೊಂಡು ನಾನು ತಲೆಯಾಡಿಸಿದೆ. ಬೀಗ ಹಾಕಬೇಕಾದ್ದು ಯಾವುದು ಎಂದು ಲ್ಯಾಬಿನ ಡಾಕ್ಟರೇ ಗುರುತು ಹಾಕಿ ಕೊಡುವುದು ಎಂದಾಯಿತು.

ಹೊಸ ಬೀಗ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಅದರ ಬೀಗದ ಕೈ ಎಷ್ಟು ಉದ್ದ ಎಂದರೆ, ಒಂದೊಂದಾಗಿ ಹಾಕಿ ನೋಡುವವರು ಆ ಮಗುವಿನ ಮೊಮ್ಮಕ್ಕಳ ಕಾಲಕ್ಕೂ ಹಾಕಿ ನೋಡುತ್ತಲೇ ಇರಬೇಕು. ಕ್ವಾಂಟಮ್ ಯಂತ್ರಕ್ಕೂ ಅದು ಸುಲಭದ ತುತ್ತಲ್ಲ ಎಂದು ಬಲ್ಲವರು ಬರೆದಿದ್ದರು. ತೊಂದರೆ ಇದ್ದದ್ದು ಕೈಯನ್ನು ಭದ್ರಾವತಿಗೆ ಮುಟ್ಟಿಸುವುದರಲ್ಲಿ. ತಂತಿಯ ಮೇಲೆ ಕಳಿಸುವ ಹಾಗಿಲ್ಲ, ಆ ವಿಧಾನಕ್ಕೇ ಮುಂದೆ ಕುತ್ತು ಇರುವುದು. ಹಾಗಾದರೆ? ಬಸ್ಸಿನಲ್ಲಿ ಒಯ್ಯುವುದು! ಕೈಯಿಂದ ಕೈಗೆ ಕೊಟ್ಟದ್ದನ್ನು ಯಾವ ಯಂತ್ರ ಬಂದು ಒಡೆಯುತ್ತದೆ ಹೇಳಿ.

"ಅಲ್ಲ ಮಾರಾಯ್ತಿ, ಬಸ್ಸಲ್ಲೇ ಹೋಗೋದಾದ್ರೆ ಆ ರಿಪೋರ್ಟನ್ನೇ ತಗೊಂಡು ಹೋಗಬಹುದಲ್ಲ?" ಎಂದರು ಆಡಳಿತಾಧಿಕಾರಿಗಳು.

"ಕೈ ಒಂದು ಸಲ ಹೋದ್ರೆ ಸಾಕು ಸರ್, ರಿಪೋರ್ಟು ದಿನಾ ಹೋಗಬೇಕು. ಆಮೇಲೆ, ದಾರೀಲಿ ಬೀಗದ ಕೈ ಕಳೆದ್ರೆ ಬರೀ ಕೈ ಕಳೀತು, ಹೊಸದು ಮಾಡ್ತೀನಿ. ರಿಪೋರ್ಟು ಕಳೆದ್ರೆ ಒಂದು ಮನೇನೇ ಕಳೀತು."

ಕೈ ತಯಾರಿಸಿದ ಮಧ್ಯಾಹ್ನವನ್ನು ನೆನೆದರೆ ಈಗಲೂ ನಗು ಬರುತ್ತದೆ. ಯಾರ ತಲೆಗೂ ಹೊಳೆಯದ, ಯಾರೂ ಊಹಿಸಲಾಗದ ಸಂಖ್ಯೆ ಬೇಕಾಗಿತ್ತು. ಮನುಷ್ಯನ ತಲೆಯನ್ನು ನಂಬುವ ಹಾಗಿಲ್ಲ, ನಾವು ಹುಟ್ಟಿದ ದಿನವನ್ನೋ ಸ್ಕೂಟರ್ ನಂಬರನ್ನೋ ಬರೆದುಬಿಡುತ್ತೇವೆ. ಮೊದಲು ಚೌಕಾಬಾರದ ಕವಡೆ ತಂದೆ. ಕವಡೆ ಒಂದು ಮಗ್ಗುಲಿಗೇ ಹೆಚ್ಚು ಬೀಳುತ್ತದೆ, ಮೋಸ. ಕೊನೆಗೆ ಊಟದ ಹೊತ್ತಿನಲ್ಲಿ ರೂಪಾಯಿ ನಾಣ್ಯ ಚಿಮ್ಮಿದೆವು. ಸಿಂಹ ಬಿದ್ದರೆ ಒಂದು, ಅಂಕಿ ಬಿದ್ದರೆ ಸೊನ್ನೆ. ನಾನು ಟೈಪ್ ಮಾಡುತ್ತಾ ಹೋದೆ, ಆಸ್ಪತ್ರೆಯ ಮಂದಿಯೆಲ್ಲ ಸರದಿಯ ಮೇಲೆ ಚಿಮ್ಮುತ್ತಾ ಹೋದರು. "ಸಿಂಹ! ಮತ್ತೆ ಸಿಂಹ! ಎಲಾ, ಮತ್ತೆ ಸಿಂಹ!" ಗದ್ದಲ ಕೇಳಿ ಬೈಯಲು ಬಂದ ಆಡಳಿತಾಧಿಕಾರಿಗಳು ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಜುಬ್ಬದ ಜೇಬಿಗೆ ಕೈ ಹಾಕಿ, "ನಂದೂ ಒಂದಿರಲಿ" ಎಂದು ತಮ್ಮದೇ ನಾಣ್ಯ ತೆಗೆದು ಚಿಮ್ಮಿದರು. ಅದು ಉರುಳಿಕೊಂಡು ಬೀರುವಿನ ಅಡಿಗೆ ಹೋಯಿತು. ಏನು ಬಿತ್ತು ಎಂದು ನೋಡಲು ನೆಲಕ್ಕೆ ಮಂಡಿಯೂರಿದ ಅವರನ್ನು ಎಬ್ಬಿಸುವಷ್ಟರಲ್ಲಿ ನಮಗೆ ಸಾಕುಸಾಕಾಯಿತು.

ಆ ಸಂಖ್ಯೆಯನ್ನು ಎರಡು ಫ್ಲಾಪಿಗೆ ಹಾಕಿ, ಊಟದ ಡಬ್ಬಿಯಲ್ಲಿ ಇಟ್ಟು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಒಂದು ಕ್ಲಿನಿಕ್ಕಿನ ಬೀರುವಿನಲ್ಲಿ, ಇನ್ನೊಂದು ಸಿಸ್ಟರ್ ಮನೆಯಲ್ಲಿ. ಒಂದಕ್ಕೆ ಏನಾದರೂ ಆದರೆ ಇನ್ನೊಂದು ಇರಲಿ, ಎರಡೂ ಯಾವತ್ತೂ ಒಂದೇ ಕಡೆ ಇರಬಾರದು ಎಂದು ಹೇಳಿದ್ದನ್ನೇ ಹೇಳಿದೆ. ಮಾರನೇ ದಿನ ಶಿವಮೊಗ್ಗದಿಂದ ಬೀಗ ಹಾಕಿದ ಮೊದಲ ಸಾಲು ಕಳಿಸಿದೆ: "ಸಿಸ್ಟರ್, ಕಾಫಿ ಆಯ್ತಾ?" ಸ್ವಲ್ಪ ಹೊತ್ತಿಗೆ ಅಲ್ಲಿಂದ ಅಕ್ಷರಗಳ ಒಂದು ರಾಶಿ ಬಂತು. ಬಿಡಿಸಿದರೆ, "ಆಯ್ತು ಮೇಡಂ, ನಿಮ್ದು?" ನಾನು ಕುರ್ಚಿಯಿಂದ ಎದ್ದು ಕುಣಿದದ್ದನ್ನು ವಾರ್ಡಿನ ರೋಗಿಗಳೂ ನೋಡಿದರು. ನೋಡಲಿ ಬಿಡಿ!

ಆಮೇಲೆ ದಸರೆ ಬಂತು.

ಆಯುಧಪೂಜೆಯ ದಿನ ಭದ್ರಾವತಿಯಂಥ ಕಾರ್ಖಾನೆ ಊರಿನಲ್ಲಿ ಪೂಜೆ ಇಲ್ಲದೆ ಉಳಿಯುವ ವಸ್ತು ಒಂದೂ ಇರುವುದಿಲ್ಲ. ಲೇತ್ ಮಿಶನ್ನಿಂದ ಹಿಡಿದು ಸೈಕಲ್ ಪಂಪಿನ ತನಕ ಎಲ್ಲಕ್ಕೂ ಹೂವು. ಅನ್ನ ಕೊಡುವ ಆಯುಧ ಯಾವುದೋ ಅದಕ್ಕೆ ವರ್ಷಕ್ಕೊಮ್ಮೆ ಕೈಮುಗಿಯಬೇಕು. ಕ್ಲಿನಿಕ್ಕಿನಲ್ಲೂ ಸ್ಟೆತಸ್ಕೋಪು, ಸಿರಿಂಜಿನ ಟ್ರೇ, ತೂಕದ ಮಿಶನ್ನು, ಕಂಪ್ಯೂಟರು ಎಲ್ಲಾ ಸಾಲಾಗಿ ಕೂತವು. ಸಿಸ್ಟರಿಗೆ ಬೀರುವಿನ ಫ್ಲಾಪಿ ನೆನಪಾಯಿತು. ಅದನ್ನೂ ತಂದಿಟ್ಟರು. ಆಮೇಲೆ, ಇದಕ್ಕೆ ಪೂಜೆ ಆಗಿ ಮನೆಯಲ್ಲಿರುವುದಕ್ಕೆ ಆಗದಿದ್ದರೆ ಹೇಗೆ ಎಂದು ಅದನ್ನೂ ತರಿಸಿದರು. ಎರಡಕ್ಕೂ ವಿಭೂತಿ ಎಳೆದು, ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಧಾರಾಳವಾಗಿ ತೀರ್ಥ ಚಿಮುಕಿಸಿದರು. ಪೂಜೆಗೆ ಇಟ್ಟದ್ದನ್ನು ವಿಜಯದಶಮಿ ಕಳೆಯುವ ತನಕ ಕದಲಿಸಬಾರದು ಎಂಬ ಪದ್ಧತಿ ಬೇರೆ. ಒದ್ದೆ ಚೆಂಡುಹೂವಿನ ಅಡಿಯಲ್ಲಿ ಎರಡೂ ಹಾಗೇ ಮಲಗಿದ್ದವು.

ಹಬ್ಬ ಮುಗಿದು ಕ್ಲಿನಿಕ್ ತೆರೆದ ದಿನವೇ ಆ ಹುಡುಗಿ ಮಗುವನ್ನು ಕರೆತಂದು ರಕ್ತ ಕೊಟ್ಟಳು. ಮಧ್ಯಾಹ್ನದ ಮೇಲೆ ಲ್ಯಾಬಿನ ಡಾಕ್ಟರು ಒಂದು ಫೈಲು ಕೊಟ್ಟು, "ಇದಕ್ಕೆ ಬೀಗ" ಅಂದರು. ನಾನು ಬೀಗ ಹಾಕಿ ಕಳಿಸಿದೆ. ಹೆಸರಿರಲಿಲ್ಲ, ಮೇಲೆ ಒಂದು ಗುರುತಿನ ನಂಬರು ಅಷ್ಟೇ. ಸ್ವಲ್ಪ ಹೊತ್ತಿಗೆ ಫೋನು ಬಂತು. ಸಿಸ್ಟರ್.

"ಮೇಡಂ, ಫ್ಲಾಪಿ ಗೊರಗೊರ ಅಂತದೆ, ಓದ್ತಾ ಇಲ್ಲ."

"ಇನ್ನೊಂದು ಹಾಕಿ ಸಿಸ್ಟರ್."

"ಅದೂ ಅಂಗೇ ಅಂತದೆ ಮೇಡಂ. ಎರಡಕ್ಕೂ ಪೂಜೆ ಆಗಿತ್ತು."

ಪೂಜೆಯ ವಿವರವನ್ನೆಲ್ಲ ಆಗಲೇ ನಾನು ಕೇಳಿದ್ದು. "ಅಯ್ಯೋ ನಿಮ್ಮ! ಅದೇನು ಗಣಪತಿಯಾ ನೀರು ಹಾಕೋಕೆ!" ಎಂದು ಕಿರುಚಿದೆ. ಆ ಕಡೆ ಅವರು ನಗಲಿಲ್ಲ, ವಾದಿಸಲಿಲ್ಲ. ದನಿ ಇಳಿಸಿ, "ಆ ಪಾಪು ರಿಪೋರ್ಟ್ ಮೇಡಂ ಇದು. ಬೀಗ ಬಿದ್ದದೆ" ಅಂದರು. ನನ್ನ ಕೋಪ ಅಲ್ಲೇ ತಣ್ಣಗಾಯಿತು. ಕಾಯಿಲೆ ಇದ್ದರೆ ಮಾತ್ರ ಬೀಗ ಎಂಬ ನಿಯಮ ನಮಗಿಬ್ಬರಿಗೂ ಗೊತ್ತಿತ್ತಲ್ಲ.

"ಅವಳಿಗೆ ಹೇಳಿದ್ರಾ?"

"ನಾನು ಹೇಳಿಲ್ಲ. ನನ್ನ ಮುಖ ನೋಡಿ ಅವಳೇ ಕೇಳಿದ್ಲು, ಬೀಗ ಇದೆಯಾ ಅಂತ. ಇದ್ರೆ ಮಾತ್ರ ಬೀಗ ಅಂತ ಹಿಂದೆ ನಾನೇ ಅವಳಿಗೆ ಹೇಳಿದ್ದೆ. ಸುಳ್ಳು ಹೇಳಕ್ಕೆ ಬರ್ಲಿಲ್ಲ ಮೇಡಂ. ಕೆಳಗೆ ಹೋಗಿ ಡಾಕ್ಟರನ್ನ ಕೇಳಿ ನೀವೇ ಫೋನಲ್ಲಿ ಹೇಳಿಬಿಡಿ."

ಲ್ಯಾಬು ಕೆಳಗಿನ ಮಹಡಿಯಲ್ಲೇ ಇತ್ತು. ಕೇಳಬಹುದಿತ್ತು. ಆದರೆ ಕ್ಲಿನಿಕ್ಕಿನ ಫೋನು ಇದ್ದದ್ದು ಜನ ಕೂರುವ ಹಾಲಿನಲ್ಲಿ. ನಮ್ಮಲ್ಲಿ ಪ್ರತಿ ಕರೆಯೂ ರಿಸೆಪ್ಷನ್ ದಾಟಿ ಹೋಗಬೇಕು. ಅದೂ ಅಲ್ಲದೆ ನನಗೆ ಗೊತ್ತಾಗಿಬಿಟ್ಟರೆ ನನ್ನ ದನಿಯೇ ಎಲ್ಲಾ ಹೇಳಿಬಿಡುತ್ತದೆ, ನನ್ನ ಬಾಯಿಗೆ ಯಾವ ಬೀಗವೂ ನಿಂತದ್ದಿಲ್ಲ. "ಅವಳನ್ನ ಕೂರಿಸಿ. ಬಂದೆ" ಎಂದು ಫೋನಿಟ್ಟೆ. ನನ್ನ ಹತ್ತಿರ ಇದ್ದ ಮೂಲ ಕೈಯನ್ನು ಹೊಸ ಫ್ಲಾಪಿಗೆ ಹಾಕಿಕೊಂಡು, ಮೆಟ್ಟಿಲು ಇಳಿಯುತ್ತಾ ಎದುರು ಬಂದ ಆಡಳಿತಾಧಿಕಾರಿಗಳಿಗೆ, "ಸರ್, ಭದ್ರಾವತಿ, ಕೈ ಹಾಳಾಗಿದೆ" ಅಂದೆ. ಅವರು ಗಾಬರಿಯಿಂದ ನನ್ನ ಎರಡೂ ಕೈ ನೋಡಿದರು. ವಿವರಿಸುತ್ತಾ ನಿಲ್ಲಲು ಹೊತ್ತಿರಲಿಲ್ಲ.

ಆ ಬಸ್ಸು ತೆವಳಿದ ಹಾಗೆ ಯಾವ ಬಸ್ಸೂ ತೆವಳಿಲ್ಲ. ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡಿತು. ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ ಬೇಕೆಂದೇ ಉದ್ದವಾಗಿ ಬಂದಂತೆ ಬಂತು. ಪಕ್ಕದ ಹೆಂಗಸು, "ಏನಮ್ಮ, ಹೆರಿಗೇಗಾ?" ಎಂದು ಕೇಳಿದಳು, ನನ್ನ ಮುಖ ಹಾಗಿತ್ತೋ ಏನೋ. "ಹೂಂ" ಅಂದುಬಿಟ್ಟೆ.

ಕ್ಲಿನಿಕ್ಕಿನಲ್ಲಿ ಉಳಿದ ಜನ ಹೊರಟುಹೋಗಿದ್ದರು. ಅವಳು ಬೆಂಚಿನ ತುದಿಯಲ್ಲಿ ಕೂತಿದ್ದಳು. ಮಗು ಕಂಪ್ಯೂಟರಿನ ಚೆಂಡುಹೂವಿನ ಹಾರ ಎಳೆದು ಎಸಳು ಕೀಳುತ್ತಿತ್ತು. "ಬೀಗ ಬಿದ್ದಿದೆಯಂತಲ್ಲ ಅಕ್ಕ" ಅಂದಳು, ನನ್ನನ್ನು ಸಮಾಧಾನ ಮಾಡುವವಳ ಹಾಗೆ. ನಾನು ಫ್ಲಾಪಿ ತುರುಕಿದೆ. ಓದಿತು! ಬೀಗ ನಿಧಾನವಾಗಿ ಬಿಚ್ಚಿಕೊಂಡಿತು. ಪರದೆಯ ಮೇಲೆ ಮೊದಲು ಬಂದ ಪದವೇ "ಪಾಸಿಟಿವ್".

ಸಿಸ್ಟರ್ ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡು, "ಕಡವುಳೇ, ದೇವರೇ" ಅಂದರು. ನಾನು ಪರದೆಯಿಂದ ಮುಖ ತಿರುಗಿಸಿದೆ. ಅಷ್ಟರಲ್ಲಿ ಅವರೇ ಬಾಗಿ ಪರದೆಗೆ ಬೆರಳಿಟ್ಟರು. "ಇದು ಪಾಪು ನಂಬರ್ ಅಲ್ಲ ಮೇಡಂ! ಇದು ಅಮ್ಮಂದು!"

ಆ ಬೆಳಿಗ್ಗೆ ಖಾತ್ರಿಗೆಂದು ತಾಯಿಯ ರಕ್ತವನ್ನೂ ಮತ್ತೊಮ್ಮೆ ಕಳಿಸಿದ್ದರು. ಲ್ಯಾಬಿನಲ್ಲಿ ತಾಯಿ ಮಗಳದ್ದನ್ನು ಒಂದೇ ಫೈಲಿನಲ್ಲಿ ಟೈಪ್ ಮಾಡಿ, ಫೈಲಿನ ಮೇಲೆ ಮಗುವಿನ ನಂಬರೊಂದನ್ನೇ ಹಾಕಿದ್ದರು. ತಾಯಿಯದ್ದು ಇತ್ತು ಎಂದು ಇಡೀ ಫೈಲಿಗೆ ಬೀಗ ಬಿದ್ದಿತ್ತು. ನಾನು ಕೆಳಗೆ ಸರಿಸಿದೆ. ಎರಡನೆಯ ನಂಬರು. ಮಗುವಿನದು. ನೆಗೆಟಿವ್.

"ಇಲ್ಲ! ಇಲ್ಲ ಕಣೇ! ಮಗೂಗೆ ಇಲ್ಲ!" ಎಂದು ನಾನು ಕೂಗಿದ್ದು ರಸ್ತೆಗೆ ಕೇಳಿಸಿರಬೇಕು. ಇಷ್ಟೆಲ್ಲ ಗುಟ್ಟಿನ ವಿದ್ಯೆ ಕಲಿತವಳ ಹಣೆಬರಹ ಅಷ್ಟೇ. ಸಿಸ್ಟರ್ ಅಳುತ್ತಾ ನಗುತ್ತಾ ಪೂಜೆಯ ಮಂಡಕ್ಕಿ ತಂದು ನಮ್ಮ ಬಾಯಿಗೆ ತುಂಬಿದರು. ಅವಳು ಮಾತ್ರ ಬೆಂಚಿನಿಂದ ಏಳಲಿಲ್ಲ. ಮಗುವನ್ನು ಎಳೆದುಕೊಂಡು ಅದರ ನೆತ್ತಿಗೆ ಮುಖ ಒತ್ತಿ ಕೂತೇ ಇದ್ದಳು.

ನಾನು ಮಗುವಿನ ವರದಿಯನ್ನಷ್ಟೇ ಪ್ರಿಂಟ್ ಮಾಡಿ ಅವಳ ಕೈಗಿಟ್ಟು, "ತಗೋ, ಫ್ರೇಮ್ ಹಾಕಿಸಿ ಗೋಡೆಗೆ ಹಾಕು!" ಅಂದೆ. ಅವಳು ಅದನ್ನು ಒಂದು ಸಲ ಓದಿ, ನೀಟಾಗಿ ಮಡಿಸಿ, ನನ್ನ ಕೈಗೇ ವಾಪಸ್ಸು ಕೊಟ್ಟಳು.

"ಇದಕ್ಕೂ ಬೀಗ ಹಾಕಿ ಅಕ್ಕ."

"ಇದಕ್ಕೆ ಯಾಕಮ್ಮ? ಇಲ್ಲ ಅಂತಾನೇ ಬಂದಿದೆಯಲ್ಲ!"

"ಇಲ್ಲ ಅಂತ ಬಂದಿದೆ. ಯಾಕೆ ನೋಡಿಸಿದ್ರಿ ಅಂತ ಕೇಳ್ತಾರಲ್ಲ."

ನಮ್ಮ ನಿಯಮ ಅಲ್ಲೇ ಸತ್ತಿತು. ನಾಳೆಯಿಂದ ಇದೆ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಒಂದೇ ಬೀಗ, ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ, ಆಡಳಿತಾಧಿಕಾರಿಗಳ ಹತ್ತಿರ ಜಗಳ ನನಗೆ ಬಿಡಿ ಅಂದೆ. ಕಾಗದವನ್ನು ಸಿಸ್ಟರ್ ಚೂರು ಮಾಡಿ ಸ್ಪಿರಿಟ್ ಹಾಕಿ ಸುಟ್ಟರು. ಫೈಲಿಗೆ ನಾನು ಮತ್ತೆ ಬೀಗ ಹಾಕಿದೆ. ನೆಗೆಟಿವ್ ಎಂಬ ಪದ ಅಕ್ಷರಗಳ ರಾಶಿಯೊಳಗೆ ಮುಳುಗುವ ತನಕ ಅವಳು ನನ್ನ ಹಿಂದೆ ನಿಂತು ನೋಡಿದಳು.

ಹೊರಡುವಾಗ ಬಾಗಿಲ ತನಕ ಹೋದವಳು ನಿಂತಳು. ಮನೆಗೆ ಹೋಗಿ ಅತ್ತೆಗೆ ಹೇಳುವ ಹಾಗಿಲ್ಲ. ತವರಿಗೆ ಫೋನ್ ಮಾಡುವ ಹಾಗಿಲ್ಲ. ಶಾಲೆಯಲ್ಲಿ ಸಿಹಿ ಹಂಚುವ ಹಾಗಿಲ್ಲ. ಅದು ನನಗೆ ಹೊಳೆದದ್ದು ಅವಳು ತಿರುಗಿ ಬಂದು ನನ್ನ ಮುಂದೆ ನಿಂತಾಗ. ಕಣ್ಣು ಹೊಳೆಯುತ್ತಿತ್ತು, ತುಟಿ ಅದುರುತ್ತಿತ್ತು, ಇಷ್ಟು ಹೊತ್ತು ಹಿಡಿದಿಟ್ಟದ್ದೆಲ್ಲ ಉಕ್ಕಿ ಬರುತ್ತಿತ್ತು.

"ಅಕ್ಕ, ಗೊತ್ತಾಯ್ತಾ ನಿಮಗೆ?" ಅಂದಳು. "ನನ್ನ ಮಗಳಿಗೆ ಏನೂ ಇಲ್ವಂತೆ!"

"ಹೌದಾ?" ಅಂದೆ ನಾನು. "ನಿಜವಾಗ್ಲೂನಾ? ಯಾರು ಹೇಳಿದ್ರು? ಬಾ ಕೂತ್ಕೋ, ಮೊದಲಿಂದ ಹೇಳು!"